ನೌರುವನ್ನು ದೂರುವ ಮುನ್ನ

ತೈವಾನಿನ ರಾಜಧಾನಿ ತೈಪೆಯ ಉತ್ತರ ಭಾಗದ ತಿಯಾನ್‌ಮು ಬಡಾವಣೆಯಲ್ಲಿ ಹಲವು ದೇಶಗಳ ರಾಯಭಾರ ಕಚೇರಿಗಳು ಒಟ್ಟಿಗೇ ಇವೆ. ಅಲ್ಲಿ ಸಾಲಾಗಿ ಹಾರುವ ಬಾವುಟಗಳ ನಡುವೆ, ನೀಲಿಯ ಮೇಲೆ ತೆಳುವಾದ ಹಳದಿ ಪಟ್ಟಿ, ಅದರ ಕೆಳಗೆ ಬಿಳಿಯ ನಕ್ಷತ್ರವಿರುವ, ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ನೌರುವಿನ ಬಾವುಟವೂ ಇತ್ತು. 2024ರ ಜನವರಿ 13ರಂದು ತೈವಾನಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಲಾಯ್ ಚಿಂಗ್-ತೆ ಗೆದ್ದರು. ಅದಾದ ಎರಡೇ ದಿನಕ್ಕೆ ನೌರು ತೈವಾನಿನೊಂದಿಗೆ ಸಂಬಂಧ ಕಡಿದುಕೊಂಡು ಚೀನಾದ ಕಡೆ ಹೋಯಿತು. ತೈವಾನ್ ತನ್ನದೇ ಭಾಗವೆನ್ನುವ ಚೀನಾ, ತೈವಾನಿಗೆ ಮಾನ್ಯತೆ ಕೊಟ್ಟ ದೇಶದೊಂದಿಗೆ ರಾಯಭಾರ ಸಂಬಂಧ ಇಟ್ಟುಕೊಳ್ಳುವುದಿಲ್ಲ. ಬಾವುಟ ಇಳಿಯಿತು, ತೈವಾನಿಗೆ ಮಾನ್ಯತೆ ಕೊಡುವ ದೇಶಗಳು 12 ಉಳಿದವು.

ಹಣಕ್ಕಾಗಿ ಕೈಕೊಟ್ಟರು ಎಂದು ನನ್ನ ತೈವಾನಿ ಸಹೋದ್ಯೋಗಿಗಳು ನೊಂದುಕೊಂಡರು. ತರಕಾರಿ ಬೆಳೆಯುವುದನ್ನು ಕಲಿಸಲು ತಜ್ಞರನ್ನೂ, ರೋಗಿಗಳನ್ನು ನೋಡಲು ವೈದ್ಯರನ್ನೂ ಕಳಿಸಿದ ದೇಶದವರಿಗೆ ಹಾಗನ್ನಿಸುವುದು ಸಹಜ. ಆದರೂ ಆ ಮಾತನ್ನು ಪೂರ್ತಿಯಾಗಿ ಒಪ್ಪಲು ನನ್ನಿಂದ ಆಗಲಿಲ್ಲ.

ನೌರುವಿನ ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರ್, ಜನಸಂಖ್ಯೆ 12 ಸಾವಿರದ ಆಸುಪಾಸು. ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದಶಕಗಳ ಕಾಲ ಅಲ್ಲಿನ ಫಾಸ್ಫೇಟ್ ಅಗೆದು ತಮ್ಮ ಹೊಲಗಳಿಗೆ ಗೊಬ್ಬರ ಮಾಡಿಕೊಂಡವು. 1968ರಲ್ಲಿ ಸ್ವತಂತ್ರವಾದ ನೌರು ಗಣಿಯನ್ನು ತನ್ನ ಕೈಗೆ ತೆಗೆದುಕೊಂಡು ಕೆಲವು ವರ್ಷ ಸಿರಿವಂತ ದೇಶವೂ ಆಯಿತು; ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ಕಟ್ಟಡವನ್ನೇ ಕಟ್ಟಿಸಿತು. ಅದಿರು ಮುಗಿಯುತ್ತ ಬಂದಾಗ ಹೂಡಿಕೆಗಳೂ ಕರಗಿದ್ದವು, ದ್ವೀಪದ ಒಡಲೆಲ್ಲ ಚೂಪಾದ ಸುಣ್ಣಕಲ್ಲಿನ ಬಯಲಾಗಿತ್ತು. 2004ರಲ್ಲಿ ಆ ಕಟ್ಟಡ ಮಾರಾಟವಾಯಿತು. ಮರುವರ್ಷದ ಕೊನೆಗೆ, ಸಾಲ ತೀರದ ಕಾರಣ, ದೇಶಕ್ಕಿದ್ದ ಒಂದೇ ವಿಮಾನವೂ ಜಪ್ತಿಯಾಯಿತು. ಮಾನ್ಯತೆಯ ಅದಲುಬದಲು ನಡೆದಿರುವುದು ಈ ಕುಸಿತದ ವರ್ಷಗಳಲ್ಲೇ: 1980ರಿಂದ ತೈವಾನ್, 2002ರಲ್ಲಿ ಚೀನಾ, 2005ರಲ್ಲಿ ಮತ್ತೆ ತೈವಾನ್. ನೆಲದಡಿಯ ಸಂಪತ್ತು ತೀರಿದ ಮೇಲೆ ಆ ದೇಶದ ಬಳಿ ಬೇರೆಯವರಿಗೆ ಬೇಕಾದದ್ದೆಂದು ಉಳಿದ ಕೆಲವೇ ಸಂಗತಿಗಳಲ್ಲಿ ತನ್ನ ಮಾನ್ಯತೆ ಮತ್ತು ವಿಶ್ವಸಂಸ್ಥೆಯಲ್ಲಿನ ಒಂದು ಮತವೂ ಸೇರಿದ್ದವು.

ನಮ್ಮ ದೇಶ ಮಾಡಿದ್ದೇನೆಂಬುದನ್ನೂ ಇಲ್ಲಿ ನೆನೆಯಬೇಕು. ಭಾರತ 1949ರ ಡಿಸೆಂಬರ್‌ನಲ್ಲೇ ಬೀಜಿಂಗ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ತೈಪೆಯಲ್ಲಿ ನಮಗೆ ರಾಯಭಾರಿಯಿಲ್ಲ. 1995ರಲ್ಲಿ ಆರಂಭವಾದ ಭಾರತ-ತೈಪೆ ಸಂಘವೇ ಆ ಕೆಲಸವನ್ನು ಮಾಡುತ್ತದೆ, ನನ್ನ ಪಾಸ್‌ಪೋರ್ಟ್ ನವೀಕರಣಗೊಂಡದ್ದೂ ಅಲ್ಲಿಯೇ. ತೈವಾನ್ ಕೂಡ ಚೆನ್ನೈಯಲ್ಲಿ ರಾಯಭಾರ ಕಚೇರಿಯೆಂದು ಕರೆಯದೆ ಒಂದು ಕೇಂದ್ರವನ್ನು ನಡೆಸುತ್ತಿದೆ. ತೈವಾನಿನ ಫಾಕ್ಸ್‌ಕಾನ್ ದೇವನಹಳ್ಳಿಯಲ್ಲಿ ಕಾರ್ಖಾನೆ ಕಟ್ಟಿದ್ದು ರಾಯಭಾರಿಗಳಿಲ್ಲದ ಈ ಸಂಬಂಧದೊಳಗೇ. ಹೆಸರಿನಲ್ಲಿ ಒಬ್ಬರಿಗೆ ಮಾನ್ಯತೆ ಕೊಟ್ಟು ವ್ಯವಹಾರವನ್ನು ಇಬ್ಬರೊಂದಿಗೂ ನಡೆಸುವ ಈ ಅನುಕೂಲ ನಮಗೆ ಸಿಕ್ಕಿರುವುದು ನಮ್ಮ ಮಾರುಕಟ್ಟೆ ದೊಡ್ಡದಾಗಿರುವುದರಿಂದ. ನಮ್ಮನ್ನು ಯಾರೂ ಕೈಕೊಟ್ಟವರೆನ್ನುವುದಿಲ್ಲ. ನೌರುವಿಗೆ ಅಂಥ ಸಂಘವೊಂದನ್ನು ತೆರೆದು ಎರಡೂ ಕಡೆ ನಂಟು ಉಳಿಸಿಕೊಳ್ಳುವ ಬಲವಿಲ್ಲ. ಒಬ್ಬರನ್ನು ಹಿಡಿದರೆ ಇನ್ನೊಬ್ಬರನ್ನು ಬಿಡಲೇಬೇಕು, ಬಿಟ್ಟದ್ದು ಲೋಕಕ್ಕೆಲ್ಲ ಕಾಣುತ್ತದೆ.

ಹಾಗೆಂದು ಅದರ ನಡೆಯನ್ನು ನಾನು ಸಮರ್ಥಿಸುತ್ತಿಲ್ಲ. ರಾಯಭಾರಿಯೊಬ್ಬನನ್ನು ಹಿಂದಕ್ಕೆ ಕರೆಸಿಕೊಂಡರೆ ಮುಚ್ಚುವುದು ಕಚೇರಿಯೊಂದೇ ಅಲ್ಲ, ತರಕಾರಿ ಮಡಿಗಳ ನಡುವೆ ಜೊತೆಗೆ ದುಡಿದವರ ಒಡನಾಟವೂ ಕಡಿಯುತ್ತದೆ. 19 ಜನರ ಸಂಸತ್ತಿರುವ, ಒಬ್ಬರಿಗೊಬ್ಬರು ಪರಿಚಿತರಾಗಿರುವ ದೇಶದಲ್ಲಿ ಇಂಥ ತೀರ್ಮಾನವನ್ನು ಜನರ ಮುಂದಿಟ್ಟು ಚರ್ಚಿಸುವುದು ಕಷ್ಟವಾಗಬಾರದಿತ್ತು.

ಬಡತನವೊಂದೇ ಇದನ್ನೆಲ್ಲ ನಿರ್ಧರಿಸುತ್ತದೆ ಎನ್ನುವಂತೆಯೂ ಇಲ್ಲ. ನೌರುವಿನಷ್ಟೇ ಚಿಕ್ಕದಾದ, ಸಮುದ್ರ ಏರುತ್ತಿದ್ದಂತೆ ಕಾಲಡಿಯ ನೆಲವನ್ನೇ ಕಳೆದುಕೊಳ್ಳುವ ಭೀತಿಯಲ್ಲಿರುವ ತುವಾಲುವಿನಲ್ಲಿ ಅದೇ 2024ರ ಜನವರಿಯಲ್ಲಿ ಚುನಾವಣೆ ನಡೆಯಿತು. ಅದೂ ಚೀನಾದ ಕಡೆ ಹೋಗಬಹುದೆಂಬ ಮಾತು ತೈಪೆಯಲ್ಲೆಲ್ಲ ಹರಡಿತ್ತು. ಫೆಬ್ರವರಿಯಲ್ಲಿ ಪ್ರಧಾನಿಯಾದ ಫೆಲೆಟಿ ಟಿಯೊ ಅವರ ಸರ್ಕಾರ ತೈವಾನಿನ ಸಂಬಂಧವನ್ನು ಉಳಿಸಿಕೊಳ್ಳುವುದಾಗಿ ಘೋಷಿಸಿತು. ಆ ವಾರ ತಿಯಾನ್‌ಮುವಿಗೆ ಹೋಗಿದ್ದೆ; ತುವಾಲುವಿನ ಒಂಬತ್ತು ನಕ್ಷತ್ರಗಳ ತಿಳಿನೀಲಿ ಬಾವುಟ ತನ್ನ ಜಾಗದಲ್ಲೇ ಇತ್ತು.