ಬೆರಗಾಗುವ ಮೊದಲು ಒಂದು ಚೀಟಿ ಬರೆಯಿರಿ

ತತ್ವಶಾಸ್ತ್ರ ಬೆರಗಿನಿಂದ ಹುಟ್ಟಿತು ಅನ್ನೋ ಅರಿಸ್ಟಾಟಲ್‌ನ ಮಾತು ಎಲ್ಲರ ಬಾಯಲ್ಲೂ ಇದೆ. ಅದೇ ಅಧ್ಯಾಯದ ಕೊನೆಯಲ್ಲಿ ಅವನು ಕೊಟ್ಟ ಉದಾಹರಣೆ ಮಾತ್ರ ಯಾರಿಗೂ ಬೇಡ. ಚೌಕದ ಬಾಹುವನ್ನೂ ಕರ್ಣವನ್ನೂ ಒಂದೇ ಅಳತೆಗೋಲಿನಿಂದ, ಅದು ಎಷ್ಟೇ ಚಿಕ್ಕದಿರಲಿ, ಉಳಿಕೆಯಿಲ್ಲದೆ ಅಳೆಯಲು ಬರೋದಿಲ್ಲ. ರೇಖಾಗಣಿತ ಗೊತ್ತಿಲ್ಲದವನಿಗೆ ಇದು ಬೆರಗು. ಗೊತ್ತಿದ್ದವನಿಗೆ, ಅಳೆಯಲು ಬಂದಿದ್ದರೆ ಬೆರಗು!

ಅಂದರೆ ಬೆರಗು ವಸ್ತುವಿನಲ್ಲಿಲ್ಲ, ನಮ್ಮ ಅಂದಾಜಿನಲ್ಲಿದೆ. ಅಂದಾಜು ಜಾಳಾಗಿದ್ದರೆ ಬೆರಗಿನಿಂದ ಕಲಿಯೋದೇನೂ ಇಲ್ಲ.

ವಿಜಯಪುರದವರಿಗೆ ಇದನ್ನು ಪರೀಕ್ಷಿಸಲು ಗೋಳಗುಮ್ಮಟವೇ ಇದೆ. ಮೆಟ್ಟಿಲು ಹತ್ತುವ ಮೊದಲೇ ಚೀಟಿಯಲ್ಲಿ ಬರೆಯಿರಿ: ಸುಮಾರು 38 ಮೀಟರ್ ಆಚೆ ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ನೇರ ಎದುರಿಗೆ ಮಾತ್ರ ಕೇಳಬೇಕೋ, ಗೋಡೆಗುಂಟ ಎಲ್ಲ ಕಡೆಯೋ? ಕಿವಿಯನ್ನು ಗೋಡೆಯಿಂದ ಎರಡು ಅಡಿ ಈಚೆ ತಂದರೆ? ‘ಮಸ್ತ್ ಕೇಳ್ತದ’ ಅಂತ ಬರೆದರೆ ನಡೆಯದು, ಏನೇ ಆದರೂ ಅದು ಸುಳ್ಳಾಗೋದಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಶಾಲಾ ಪ್ರವಾಸದ ಹುಡುಗರು ಬಂದು ಕೂಗತೊಡಗಿದರೆ ಪಿಸುಮಾತಿನ ಕಥೆ ಮುಗೀತು.

ಲಂಡನ್‌ನ ಸೇಂಟ್ ಪಾಲ್ಸ್ ಗುಮ್ಮಟದ ಬಗ್ಗೆ ಇದೇ ಪ್ರಶ್ನೆ ಎದ್ದಿತ್ತು. ಧ್ವನಿ ಗುಮ್ಮಟಕ್ಕೆ ಬಡಿದು ನೇರ ಎದುರಿನ ಜಾಗದಲ್ಲಿ ಕೂಡುತ್ತದೆ ಅಂದ ಖಗೋಳಜ್ಞ ಏರಿ. ಅದು ಬಾಗಿದ ಗೋಡೆಗೆ ಅಂಟಿಕೊಂಡೇ ಸಾಗುತ್ತದೆ, ಗೋಡೆಯ ಪಕ್ಕ ಎಲ್ಲೆಡೆ ಕೇಳುತ್ತದೆ ಅಂದ ಭೌತವಿಜ್ಞಾನಿ ರೇಲಿ. ಗೆದ್ದದ್ದು ರೇಲಿ. ಆದರೆ ಏರಿ ಜಾಗ ತೋರಿಸಿ ಹೇಳಿದ್ದರಿಂದಲೇ ಆ ಜಾಗ ಬಿಟ್ಟು ಬೇರೆ ಕಡೆ ಕಿವಿಯಿಟ್ಟು ನೋಡಲು ಆಯಿತು. ಮುಂದೆ ಸಿ.ವಿ. ರಾಮನ್ ನಮ್ಮ ಗುಮ್ಮಟದಲ್ಲೂ ಇದನ್ನು ಅಧ್ಯಯನ ಮಾಡಿದರು.

ಚೀಟಿ ಯಾಕೆ, ನೆನಪಿದ್ದರೆ ಸಾಲದೇ? ಸಾಲದು. ಫಲಿತಾಂಶ ತಿಳಿದ ಮೇಲೆ ‘ಇದು ಮೊದಲೇ ಗೊತ್ತಿತ್ತು ಬಿಡ್ರಿ’ ಅಂತ ಮನಸ್ಸು ಹಳೆಯ ಅಂದಾಜನ್ನೇ ತಿದ್ದಿಬಿಡುತ್ತದೆ. ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ.

ಬೆರಗಾದ ಮೇಲಿನ ಹೆಜ್ಜೆ, ಅಂದರೆ ಕಾರಣ ಊಹಿಸೋದು, ಇನ್ನೂ ಜಾರುವಂಥದ್ದು. ವೇದವಾಕ್ಯಗಳ ಅರ್ಥ ವಿಚಾರಿಸುವ ದಾರ್ಶನಿಕರಾದ ಮೀಮಾಂಸಕರು ಕೊಡುವ ಉದಾಹರಣೆಯಲ್ಲಿ ದೇವದತ್ತ ಹಗಲು ಉಣ್ಣೋದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಾನೆ. ಇದು ಅರ್ಥಾಪತ್ತಿ, ಅಂದರೆ ಕಂಡದ್ದು ಹೊಂದಬೇಕಾದರೆ ಹೀಗಿರಲೇಬೇಕು ಅನ್ನೋ ತೀರ್ಮಾನ. ಮೀಮಾಂಸಕರಿಗೆ ಇದು ಸ್ವತಂತ್ರ ಪ್ರಮಾಣ, ಅಂದರೆ ತಿಳಿವಿನ ಬೇರೆಯೇ ದಾರಿ; ನ್ಯಾಯದರ್ಶನದ ನೈಯಾಯಿಕರಿಗೆ ಬರೀ ಅನುಮಾನದ (ಕುರುಹಿನಿಂದ ತರ್ಕಿಸಿ ತಿಳಿಯೋದರ) ಒಂದು ಬಗೆ. ಅಮೆರಿಕದ ತತ್ವಜ್ಞಾನಿ ಪರ್ಸ್ ಇಬ್ಬರಿಗಿಂತ ಜಿಪುಣ: ಬೆರಗಿನ ಸಂಗತಿಯನ್ನು ಸಹಜವಾಗಿಸುವ ಊಹೆ ಸಿಕ್ಕರೆ, ಅದು ನಿಜವಿದ್ದೀತು ಅಂತ ಶಂಕಿಸಲು ಕಾರಣವಿದೆ, ಅಷ್ಟೇ. ನನ್ನ ಒಲವು ಅವನ ಕಡೆ. ದೇವದತ್ತನ ಮೈ ಬಾವಿನಿಂದ ಊದಿರಬಹುದಲ್ಲ! ಚೀಟಿಯ ಹಿಂಬದಿಗೆ ಆ ಎರಡನೇ ಊಹೆಯನ್ನೂ ಬರೆದು, ಎರಡರಲ್ಲಿ ಯಾವುದು ಅಂತ ತಿಳಿಯಲು ರಾತ್ರಿ ಅಡುಗೆಮನೆ ನೋಡಬೇಕೋ, ವೈದ್ಯರನ್ನು ಕೇಳಬೇಕೋ ಅನ್ನೋದನ್ನೂ ಸೇರಿಸಿ.