ಮೇಲಿಂದ ಬಂದಿಲ್ಲ ಕಣಣ್ಣ

ನಮ್ಮ ಹಾಸನದಲ್ಲಿ ಬಡ್ಡಿ ಕೇಳ್ದೆ, ಶ್ಯೂರಿಟಿ ಕೇಳ್ದೆ ಲಕ್ಷಗಟ್ಲೆ ಸಾಲ ಕೊಡೋ ಬ್ಯಾಂಕ್ ಯಾವ್ದು ಹೇಳಿ ನೋಡೋಣ? ಬಿಎಂ ರೋಡಲ್ಲಿ ಹುಡುಕ್ಬೇಡಿ, ಅಲ್ಲಿಲ್ಲ. ಕಿವಿ ಮೇಲೆ ಪೆನ್ಸಿಲ್ ಸಿಕ್ಕಿಸ್ಕೊಂಡು ಹವಾಯಿ ಚಪ್ಪಲೀಲಿ ಸೈಟಲ್ಲಿ ಓಡಾಡ್ತಿರ್ತಾನಲ್ಲ ಸೆಂಟ್ರಿಂಗ್ ಮೇಸ್ತ್ರಿ, ಅವ್ನೇ ಆ ಬ್ಯಾಂಕು. ಸಾಲಗಾರ್ರು ಯಾರಪ್ಪಾ ಅಂದ್ರೆ ದೊಡ್ಡ ಕಾಂಟ್ರಾಕ್ಟ್ರು, ಅವ್ರ ಹಿಂದೆ ಘನ ಸರ್ಕಾರ.

ಮೋಲ್ಡ್ ಹಾಕಿ, ಸೆಂಟ್ರಿಂಗ್ ಬಿಚ್ಚಿ ದುಡ್ಡು ಕೇಳೋಕೆ ಹೋದ್ರೆ "ಮೇಲಿಂದ ಬಂದಿಲ್ಲ ಕಣಣ್ಣ" ಅಂತಾರೆ. ಮೇಲೆ ಕೇಳಿದ್ರೆ ಎಂಬಿ, ಅಂದ್ರೆ ಕೆಲ್ಸದ ಅಳತೆ ಪುಸ್ತಕ, ಬರ್ದಿಲ್ಲ, ಎಂಬಿ ಬರೆದಾಯ್ತು ಅಂದ್ರೆ ಆ ಅಳತೆ ಸರಿ ಇದೆಯಾ ಅಂತ ನೋಡೋ ಚೆಕ್ ಮೆಜರ್‌ಮೆಂಟ್ ಆಗಿಲ್ಲ, ಅದೂ ಆಯ್ತು ಅಂದ್ರೆ ದುಡ್ಡು ಬಿಡೋ ಎಲ್‌ಓಸಿ ಪತ್ರ ಬಂದಿಲ್ಲ, ಎಲ್‌ಓಸಿ ಬಂದ್ರೆ ಸಾಹೇಬ್ರು ಟ್ರಾನ್ಸ್‌ಫರ್. ಹಾಸನಾಂಬೆ ವರ್ಷಕ್ಕೊಂದ್ಸಲ ಆಶ್ವಯುಜದಲ್ಲಾದ್ರೂ ಬಾಗ್ಲು ತೆಗೀತಾಳೆ, ಈ ಮೇಲಿನೋರ ಗರ್ಭಗುಡಿ ಎಲ್ಲಿದೆ ಅಂತ್ಲೇ ಗೊತ್ತಿಲ್ಲ.

ಶನಿವಾರದ ಬಟವಾಡೆ ಮಾತ್ರ ಯಾವ ಮೇಲಿನೋರಿಗೂ ಕಾಯಲ್ಲ. ಸಂಜೆ ಡ್ರಮ್ಮಿನ ನೀರಲ್ಲಿ ಕೈಕಾಲು ತೊಳ್ಕೊಂಡು ಗಾರೆಯೋರು, ಬಾರ್ ಬೆಂಡಿಂಗ್ ಹುಡುಗ್ರು, ಕಲ್ಲು ಹೊರೋ ಹೆಂಗಸ್ರು ಮೇಸ್ತ್ರಿ ಸುತ್ತ ನಿಂತ್ಕೋತಾರೆ. ಅವ್ರಿಗೆ ಎಲ್‌ಓಸಿ ಕತೆ ಹೇಳಿ ನೋಡಿ, ಸೋಮವಾರ ಸೈಟಲ್ಲಿ ಒಂದು ನರಪಿಳ್ಳೆ ಇರಲ್ಲ. ಅದಕ್ಕೇ ಹೆಂಡ್ತಿ ಸರ ಗಿರವಿ ಅಂಗಡಿಗೆ, ಗಾಡಿ ಆರ್‌ಸಿ ಫೈನಾನ್ಸ್‌ನೋರ ಹತ್ರಕ್ಕೆ. ಸರ್ಕಾರಿ ಕಟ್ಟಡ ಮೇಲೆ ಏಳ್ತದೆ, ಮೇಸ್ತ್ರಿ ಮನೆ ಬೀರು ಖಾಲಿ ಆಗ್ತದೆ.

ಕಾನೂನು ಇಲ್ವಾ ಅಂದ್ರೆ ಭರ್ಜರಿಯಾಗೇ ಇದೆ. ಸಣ್ಣ ಉದ್ಯಮದೋರಿಗೆ ಅಂತ ಇರೋ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ದುಡ್ಡು ಕೊಡೋದು ಕರಾರು ಇದ್ರೂ 45 ದಿನ ದಾಟಂಗಿಲ್ಲ, ದಾಟಿದ್ರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ! ಓದ್ತಿದ್ರೆ ಆನಂದಬಾಷ್ಪ ಬರ್ತದೆ. ಆದ್ರೆ ಉದ್ಯಮ್ ರಿಜಿಸ್ಟ್ರೇಷನ್ ಇರ್ಬೇಕು, ನಮ್ಮ ಮೇಸ್ತ್ರಿ ಹತ್ರ ಇರೋದು ಸಿಮೆಂಟ್ ಚೀಲದ ಮೇಲೆ ಬರ್ಕೊಂಡಿರೋ ಲೆಕ್ಕ. ರಿಜಿಸ್ಟ್ರೇಷನ್ ಇದ್ದೋರು ಹೋದ್ರೂ, ಇದು ಸಾಮಾನು-ಕೂಲಿ ಎರಡೂ ಸೇರಿದ ವರ್ಕ್ಸ್ ಕಾಂಟ್ರಾಕ್ಟು, ಆ ಕಾಯ್ದೆಗೆ ಬರಲ್ಲ ಅಂತ ವಾದ ಮಾಡೋ ವಕೀಲ್ರು ರೆಡಿ. ಅದೆಲ್ಲ ಇರ್ಲಿ, ಮುಂದಿನ ಕೆಲ್ಸ ಕೊಡ್ಬೇಕಾದೋರ ಮೇಲೇ ಕಂಪ್ಲೇಂಟ್ ಕೊಡೋ ಧೈರ್ಯ ಯಾರಿಗಿದೆ ಸ್ವಾಮಿ?

ಜಿಎಸ್‌ಟಿ ಇರೋನ ಕತೆ ಇನ್ನೂ ಚಂದ. ಬಿಲ್ ಹಾಕಿದ್ಯಾ, ತೆರಿಗೆ ಕಟ್ಟು, ದುಡ್ಡು ಬಂತಾ ಇಲ್ವಾ ಅದು ನಿನ್ ಹಣೆಬರಹ, ತಡ ಆದ್ರೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ಅಂದ್ರೆ ಸರ್ಕಾರ ತಾನು ಕೊಡ್ದಿರೋ ದುಡ್ಡಿನ ಮೇಲೂ ತೆರಿಗೆ ತಗೊಳುತ್ತೆ. ಈ ಐಡಿಯಾ ನಮ್ಮೂರ ಮೀಟರ್ ಬಡ್ಡಿಯೋರಿಗೂ ಹೊಳ್ದಿರ್ಲಿಲ್ಲ.

ಇನ್ನು ಬಿಲ್ಲಿನ ದುಡ್ಡಲ್ಲಿ ಒಂದಷ್ಟು ಡಿಪಾಸಿಟ್ ಅಂತ ಹಿಡ್ಕೊಂಡಿರ್ತಾರಲ್ಲ, ಅದನ್ನ ಕೇಳಿದ್ರೆ "ಮಳೆಗಾಲ ಮುಗೀಲಿ, ಸೋರ್ತದಾ ನೋಡಣ" ಅಂತಾರೆ. ಸೈಟ್ ಇರೋದು ಸಕಲೇಶಪುರದಲ್ಲಿ!

ಉದ್ಘಾಟನೆ ಮಾತ್ರ ಒಂದಿನಾನೂ ತಡ ಆಗಲ್ಲ. ಗ್ರಾನೈಟ್ ಕಲ್ಲಲ್ಲಿ ಮಂತ್ರಿಗಳು, ಶಾಸಕರು, ಅಧ್ಯಕ್ಷರು, ಉಪಾಧ್ಯಕ್ಷರು, ಎಲ್ಲಾರ ಹೆಸ್ರೂ ಬಂಗಾರದ ಬಣ್ಣದಲ್ಲಿ. ಹೋದ್ಸಲ ಒಂದು ಕಡೆ ಉಪಾಧ್ಯಕ್ಷರ ಹೆಸ್ರು ಕೆಳಗೆ ಬಂತು ಅಂತ ಗಲಾಟೆ ಆಗಿ ರಾತ್ರೋರಾತ್ರಿ ಹೊಸ ಕಲ್ಲು ಕೆತ್ಸಿದ್ರು. ಕೆತ್ತಿದೋನಿಗೆ ಈಗ ಎರಡು ಕಲ್ಲಿನ ಬಾಕಿ ಬರ್ಬೇಕು, ಕೇಳಿದ್ರೆ ಮೊದಲನೇದು ರಿಜೆಕ್ಟ್ ಆಗಿದೆಯಂತೆ, ಎರಡನೇದು ಎಸ್ಟಿಮೇಟಲ್ಲೇ ಇಲ್ವಂತೆ.