ಮಳೆರಾಯನಿಗೆ ಕೊನೆಯ ಕಾಲಂ

ಮತ್ತೆ ಅದೇ ಫೋಟೋ. ಅಭಿವೃದ್ಧಿ ಸಂಸ್ಥೆಯವರೊಬ್ಬರು, ಸಣ್ಣ ರೈತರ ಸಂಘದ ಅಧ್ಯಕ್ಷರೊಬ್ಬರು, ಇಬ್ಬರ ಕೈಯಲ್ಲೂ ಒಂದೇ ಫೈಲು, ಹಿಂದೆ ಬ್ಯಾನರು. ಬ್ಯಾನರಿನಲ್ಲಿ ಸಂಸ್ಥೆಯ ಲೋಗೋ ಮಂಚದಷ್ಟು, ಸಂಘದ ಹೆಸರು ದಿಂಬಿನಷ್ಟು. ಕೆಳಗೆ ‘ಪಾಲುದಾರಿಕೆಗೆ ಸಹಿ’. ನೀವೂ ನೋಡಿರುತ್ತೀರಿ, ತಾರೀಕು ಬದಲಾಗಿರುತ್ತದೆ ಅಷ್ಟೆ.

ಈ ಪಾಲುದಾರಿಕೆ ಅನ್ನೋ ಪದ ಕಂಡರೆ ನನಗೆ ಭಾರಿ ಇಷ್ಟ. ಮೊದಲೆಲ್ಲ ‘ಫಲಾನುಭವಿ’ ಅಂತಿದ್ದರು. ಫಲಾನುಭವಿಗೆ ಒಂದು ಸುಖ ಇತ್ತು, ಕೊಟ್ಟಿದ್ದನ್ನು ಇಸಕೊಂಡು ಮನೆಗೆ ಹೋಗಬಹುದಿತ್ತು. ಪಾಲುದಾರನಿಗೆ ಆ ಭಾಗ್ಯ ಇಲ್ಲ. ಅವನು ಹಾಜರಿ ಪುಸ್ತಕ ಇಡಬೇಕು, ವೋಚರು ಅಂಟಿಸಬೇಕು, ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಬಿಡುವಾದಾಗ ಬೇಸಾಯ ಮಾಡಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ.

ಈ ವರದಿಗಳಿಗೆಲ್ಲ ಮೂಲ ದೇವರು ಲಾಗ್‌ಫ್ರೇಮ್. 1969ರಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್‌ಗೆ ಅಂತ ತಯಾರಾದ, ಇಡೀ ಯೋಜನೆಯನ್ನು ಒಂದು ಹಾಳೆಗೆ ಇಳಿಸುವ ಕೋಷ್ಟಕ. ನಾಲ್ಕು ಸಾಲು, ನಾಲ್ಕು ಕಾಲಂ, ಒಟ್ಟು 16 ಮನೆ. ಊರಿಗೆ ಊರೇ ಅದರೊಳಗೆ ಕೂರಬೇಕು. ಎಡಗಡೆ ಗುರಿ, ಪಕ್ಕದಲ್ಲಿ ಅದರ ಅಳತೆ, ಅದರ ಪಕ್ಕ ಅಳತೆಗೆ ಪುರಾವೆ. ಬಲತುದಿಯಲ್ಲಿ ‘ಊಹೆಗಳು’ ಅಂತ ಒಂದು ಕಾಲಂ ಇದೆ ನೋಡಿ, ನಾನು ಕೈಮುಗಿದದ್ದು ಅದಕ್ಕೆ. ನಮ್ಮ ಕೈಯಲ್ಲಿಲ್ಲ, ಆದರೂ ಆಗೇ ಆಗುತ್ತದೆ ಅಂದುಕೊಂಡಿದ್ದನ್ನೆಲ್ಲ ಅಲ್ಲಿಗೆ ಹಾಕಬೇಕು. ಏನು ಹಾಕ್ತಾರೆ ಗೊತ್ತಾ? ಮಳೆ ಸಕಾಲಕ್ಕೆ ಬರುತ್ತದೆ. ಬೆಲೆ ಕುಸಿಯುವುದಿಲ್ಲ. ರೈತ ನಿದ್ದೆಗೆಟ್ಟು ಯೋಚಿಸುವ ಎರಡೂ ವಿಷಯ ಒಂದೊಂದು ಸಾಲಿಗೆ ಮುಗಿದುಹೋಯಿತು! ಮಿಕ್ಕ ಮನೆಗಳ ತುಂಬಾ ತರಬೇತಿ. ಮಳೆ ಬಂದರೆ ಯೋಜನೆ ಗೆದ್ದಿತು. ಬರದಿದ್ದರೆ ಊಹೆ ತಪ್ಪಿತು, ಯೋಜನೆ ತಪ್ಪಲಿಲ್ಲ. ಇಂಥದ್ದೊಂದು ಕಾಲಂ ರೈತನಿಗೂ ಇದ್ದಿದ್ದರೆ, ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ‘ಸ್ವಾಮಿ, ಬಲತುದಿ ನೋಡಿ’ ಅಂದು ಒಳಗೆ ಹೋಗಿ ಮಲಗಬಹುದಿತ್ತು.

ಇನ್ನು ಬೀಜ ಕೊಳ್ಳುವ ಸಂಭ್ರಮ. ಮೂರು ಕಡೆಯಿಂದ ಕೊಟೇಶನ್ ಬೇಕು ಅನ್ನುತ್ತದೆ ನಿಯಮ. ಇರುವ ಅಂಗಡಿಯೇ ಒಂದು. ಪಾಪ, ಅಂಗಡಿಯವನು ತನ್ನದೊಂದು, ತಮ್ಮನ ಹೆಸರಲ್ಲೊಂದು, ಭಾವಮೈದುನನ ಹೆಸರಲ್ಲೊಂದು ದರ ಬರೆದು ಕೊಡುತ್ತಾನೆ. ಮೂರರಲ್ಲೂ ಒಂದೇ ಕೈಬರಹ. ಸಂಘಕ್ಕೆ ಗೊತ್ತು, ಸಂಸ್ಥೆಗೆ ಗೊತ್ತು, ಆಡಿಟರಿಗೂ ಗೊತ್ತು. ಕಡತ ಮಾತ್ರ ಚೊಕ್ಕ. ಒಪ್ಪಿಗೆ ಬಂದು ಬೀಜ ಇಳಿಯೋ ಹೊತ್ತಿಗೆ ಪಕ್ಕದ ಹೊಲದ ಪೈರು ಮೊಣಕಾಲುದ್ದ ಆಗಿರುತ್ತದೆ. ಪರವಾಗಿಲ್ಲ, ಫೋಟೋಕ್ಕೆ ಹಿನ್ನೆಲೆ ಹಸಿರಾಗಿ ಬರುತ್ತದೆ.

2005ರಲ್ಲಿ ಪ್ಯಾರಿಸ್‌ನಲ್ಲಿ ನೆರವು ಕೊಡುವವರು, ಪಡೆಯುವವರು ಕೂತು ಐದು ತತ್ವ ಬರೆದರು. ಮೊದಲನೆಯದೇ ಒಡೆತನ, ಅಂದರೆ ಪಡೆಯುವ ದೇಶವೇ ಯಜಮಾನ. ಕೊನೆಯದು ಇಬ್ಬರೂ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸಬೇಕು ಅಂತ. ಚೆನ್ನಾಗಿದೆ. ಟೀ ಬಿಲ್ಲಿಗೂ ಸಂಘ ಉತ್ತರ ಕೊಡುತ್ತಿದೆ. ಸಲಹೆಗಾರರ ವಿಮಾನದ ಟಿಕೆಟ್ಟಿಗೆ ಎಷ್ಟಾಯಿತು ಅಂತ ಸಂಘದ ಸಭೆಯಲ್ಲಿ ಯಾರಾದರೂ ಎದ್ದು ಓದಿದ್ದನ್ನು ನೀವು ಕೇಳಿದ್ದೀರಾ?

ತಮಾಷೆ ಸಾಕು, ನನಗೂ ಸುಸ್ತಾಯಿತು. ಜಗತ್ತಿನ ಜಮೀನುಗಳಲ್ಲಿ 100ಕ್ಕೆ ಸುಮಾರು 84 ಎರಡು ಹೆಕ್ಟೇರಿಗಿಂತ ಚಿಕ್ಕವು. ಸಾಗುವಳಿ ನೆಲದಲ್ಲಿ ಅವುಗಳ ಪಾಲು ಸುಮಾರು ಶೇ. 12, ಬೆಳೆಯುವ ಆಹಾರ ಸುಮಾರು ಮೂರನೇ ಒಂದು ಭಾಗ. ಅಷ್ಟು ಸಣ್ಣ ತುಂಡಿನಲ್ಲಿ ಅಷ್ಟು ಬೆಳೆಯುವವರನ್ನು ಹೋಟೆಲಿನ ಹಾಲಿನಲ್ಲಿ ಕೂರಿಸಿ ‘ಸಾಮರ್ಥ್ಯ ವರ್ಧನೆ’ ಅಂತ ಚಾರ್ಟು ತೋರಿಸುತ್ತಾರಲ್ಲ, ಯಾರ ಸಾಮರ್ಥ್ಯ ಸ್ವಾಮಿ? ಹಣವನ್ನು ನೇರವಾಗಿ ಸಂಘಕ್ಕೇ ಕೊಡಿ, ಬಿತ್ತನೆಗೆ ಮುಂಚೆ ಕೊಡಿ ಅಂತ ಎಷ್ಟು ಸಲ ಹೇಳಬೇಕು? ಅದಕ್ಕೆ ಮಾತ್ರ ‘ಸಂಘಕ್ಕೆ ಇನ್ನೂ ಅಷ್ಟು ಶಕ್ತಿ ಬಂದಿಲ್ಲ’ ಅನ್ನೋ ಉತ್ತರ ಸಿದ್ಧವಾಗಿರುತ್ತದೆ.

ಅರ್ಜಿಯ ಕೊನೆಗೆ ಒಂದು ಪ್ರಶ್ನೆ ತಪ್ಪದೆ ಇರುತ್ತದೆ, ‘ನಮ್ಮ ಹಣ ನಿಂತ ಮೇಲೆ ನೀವು ಹೇಗೆ ಬದುಕುತ್ತೀರಿ?’. ಸುಸ್ಥಿರತೆ ಅಂತಾರೆ ಅದಕ್ಕೆ. ಸಂಘದವರು ತಲೆ ಕೆರೆದುಕೊಂಡು ಎರಡು ಪುಟ ಬರೆಯುತ್ತಾರೆ. ಲಾಗ್‌ಫ್ರೇಮ್ ಹುಟ್ಟಿದ ಮನೆಯ ಕಥೆ ಗೊತ್ತೇ ಇದೆಯಲ್ಲ. 2025ರ ಜನವರಿ 20ಕ್ಕೆ ಅಮೆರಿಕದ ವಿದೇಶಿ ನೆರವಿಗೆ 90 ದಿನದ ತಡೆ ಬಿತ್ತು, ಜುಲೈ 1ಕ್ಕೆ ಯುಎಸ್‌ಏಡ್ ತನ್ನ ನೆರವು ಕೊಡುವ ಕೆಲಸವನ್ನೇ ನಿಲ್ಲಿಸಿತು. ಪಾಲುದಾರರನ್ನು ಕೂರಿಸಿ ಯಾರೂ ಒಂದು ಮಾತು ಕೇಳಲಿಲ್ಲ. ಮಳೆ ಬರುತ್ತದೆ ಅಂತ ಬರೆದುಕೊಂಡಿದ್ದವರಿಗೆ ‘ನಾವು ಇರುತ್ತೇವೆ’ ಅನ್ನೋದೂ ಒಂದು ಊಹೆ ಅಂತ ಹೊಳೆದಿರಲಿಲ್ಲವೋ ಏನೋ.

ಆದರೆ ಕೊನೆಯ ಲೆಕ್ಕ ಒಪ್ಪಿಸಿದ ಮೇಲೂ ಮೂರು ವರ್ಷ ಕಾಗದಪತ್ರ ಕಾದಿಡಬೇಕು ಅನ್ನುತ್ತದೆ ಅಮೆರಿಕದ ಅನುದಾನದ ನಿಯಮ. ಹಾಗಾಗಿ ವೋಚರುಗಳು ಕ್ಷೇಮವಾಗಿವೆ. ಇಲಿ ಮುಟ್ಟದಂತೆ, ಬೀಜ ಇಡುವ ಡಬ್ಬದಲ್ಲಿ.